ಹಳೆಯ ಕಾರಿನ ಸ್ಟೀರಿಂಗ್ ಎಲ್ಲಿ ಹಿಡಿದುಕೊಂಡಿದೆ?

ತಿರುವು ಮುಗಿದು ರಸ್ತೆ ನೇರವಾಗಿತ್ತು. ಸ್ಟೀರಿಂಗ್ ಮಾತ್ರ ಇನ್ನೂ ಎಡಕ್ಕೇ ಹೊರಳಿಕೊಂಡು ನಿಂತಿತ್ತು. ಅಂಗೈ ಸಡಿಲಿಸಿದರೆ ತಾನಾಗಿ ಮಧ್ಯಕ್ಕೆ ಜಾರಿ ಬರುತ್ತಿದ್ದ ಸ್ಟೀರಿಂಗನ್ನು ಅಂದು ನಾನು ಎಳೆದು ತರಬೇಕಾಯಿತು. ಎಳೆದದ್ದು ತುಸು ಹೆಚ್ಚಾಗಿ ಕಾರು ಬಲಕ್ಕೆ ವಾಲಿತು, ಮತ್ತೆ ಎಡಕ್ಕೆ ತಿದ್ದಿಕೊಂಡೆ. ಎದುರಿನಿಂದ ಯಾರೂ ಬರುತ್ತಿರಲಿಲ್ಲ.

ಅದು 2001ರಲ್ಲಿ ತಯಾರಾದ ಕಾರು, ಆಯಿಲ್ ಒತ್ತಡದಿಂದ ನಡೆಯುವ ಪವರ್ ಸ್ಟೀರಿಂಗ್. ವರ್ಕ್‌ಶಾಪಿನವರು ಬಾನೆಟ್ ಎತ್ತಿ ನೋಡಿ, ಪಂಪ್ ಹೋಗಿದೆ ಎಂದರು. ಹೊಸ ಪಂಪ್ ಬಂತು, ಹೊಸ ಆಯಿಲ್ ಬಂತು, ಹೊಸ ಬೆಲ್ಟ್ ಬಂತು. ಸ್ಟೀರಿಂಗ್ ಇದ್ದ ಹಾಗೆಯೇ ಇತ್ತು. ಆಗ ನಾನೇ ನೆಲಕ್ಕೆ ಚಾಪೆ ಹಾಸಿ ಕಾರಿನ ಕೆಳಗೆ ಮಲಗಿದೆ. ಎರಡು ಭಾನುವಾರಗಳ ನಂತರ ಸಿಕ್ಕಿದ್ದು ಮುಷ್ಟಿಗಿಂತ ಚಿಕ್ಕದಾದ ಒಂದು ತುಕ್ಕು ಹಿಡಿದ ಕೀಲು. ಪಂಪಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ನಾನು ವೃತ್ತಿಯಿಂದ ಮುದ್ರಣ ಯಂತ್ರಗಳ ಫಿಟ್ಟರ್. ರೋಲರ್ ಒಂದು ಎಳೆದಾಡುತ್ತಿದ್ದರೆ ನಾವು ಮೋಟಾರನ್ನು ಬದಲಿಸುವುದಿಲ್ಲ. ಒಂದೊಂದೇ ಕೊಂಡಿಯನ್ನು ಬಿಡಿಸುತ್ತಾ ಹೋಗಿ, ಯಾವುದನ್ನು ಬಿಡಿಸಿದಾಗ ಎಳೆತ ನಿಂತಿತು ಎಂದು ನೋಡುತ್ತೇವೆ. ಕಾರಿನ ಸ್ಟೀರಿಂಗಿಗೂ ಇದೇ ವಿಧಾನ ಸಾಕು. ಒಂದು ಬಿಡಿಭಾಗವನ್ನೂ ಕೊಳ್ಳುವ ಮುನ್ನ ಬಿಗಿತ ಯಾವ ಕೀಲಿನಲ್ಲಿ ಕುಳಿತಿದೆ ಎಂಬುದನ್ನು ಕೈಯಿಂದಲೇ ಮುಟ್ಟಿ ತಿಳಿದುಕೊಳ್ಳಬಹುದು. ಹೇಗೆ ಎಂಬುದನ್ನು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಭಾರ ಬೇರೆ, ಹಿಡಿತ ಬೇರೆ

‘ಸ್ಟೀರಿಂಗ್ ಟೈಟ್ ಆಗಿದೆ’ ಎಂಬ ಒಂದೇ ಮಾತಿನಲ್ಲಿ ನಾವು ನಾಲ್ಕೈದು ಬೇರೆ ಬೇರೆ ದೂರುಗಳನ್ನು ಸೇರಿಸಿಬಿಡುತ್ತೇವೆ. ಮೊದಲು ಇವನ್ನು ಬೇರ್ಪಡಿಸಿಕೊಳ್ಳಬೇಕು.

ಕಾರು ನಿಂತಿರುವಾಗ ಅಥವಾ ನಿಲ್ಲಿಸಲು ಜಾಗ ಹೊಂದಿಸುವಾಗ ಎಡಕ್ಕೂ ಬಲಕ್ಕೂ ಒಂದೇ ಸಮನೆ ಭಾರ, ಓಡುತ್ತಿರುವಾಗ ಪರವಾಗಿಲ್ಲ ಎಂದಾದರೆ ಅದು ಪವರ್ ಸ್ಟೀರಿಂಗ್ ಕೊಡಬೇಕಾದ ಸಹಾಯದ ಕೊರತೆ. ಟೈರಿನ ಗಾಳಿ, ಬೆಲ್ಟ್, ಆಯಿಲ್, ಪಂಪ್, ಈ ಕಡೆ ನೋಡಬೇಕು. ಎಂಜಿನ್ ವೇಗ ಹೆಚ್ಚಿಸಿದಾಗ ಹಗುರವಾದರಂತೂ ಸಂಶಯ ಇನ್ನೂ ಗಟ್ಟಿ.

ಸ್ಟೀರಿಂಗ್ ತಿರುಗಿಸುವಾಗ ಬಿಗಿ, ಸಡಿಲ, ಮತ್ತೆ ಬಿಗಿ, ಮತ್ತೆ ಸಡಿಲ ಎಂದು ಒಂದು ಸುತ್ತಿನಲ್ಲಿ ಎರಡು ಸಲ ಹಿಡಿದು ಬಿಟ್ಟಂತೆ ಆದರೆ, ಅದು ಹೆಚ್ಚುಕಡಿಮೆ ಖಚಿತವಾಗಿ ಸ್ಟೀರಿಂಗ್ ದಂಡದ ಯೂನಿವರ್ಸಲ್ ಜಾಯಿಂಟ್. ಓರೆಯಾಗಿ ಸೇರುವ ಎರಡು ದಂಡಗಳನ್ನು ಜೋಡಿಸುವ, ನಡುವೆ ಕೂಡುವ ಚಿಹ್ನೆಯಂಥ ಅಡ್ಡಕಂಬಿಯಿರುವ ಆ ಕೀಲು ಪ್ರತಿ ಅರ್ಧ ಸುತ್ತಿಗೊಮ್ಮೆ ಅದೇ ಬಾಗುವಿಕೆಯನ್ನು ಹಾದುಹೋಗುತ್ತದೆ. ಒಂದು ಅಕ್ಷ ಜಡವಾಗಿದ್ದರೆ ಸುತ್ತಿಗೆ ಎರಡು ಸಲ ಕೈಗೆ ಸಿಗುತ್ತದೆ.

ತಿರುವಿನ ನಂತರ ಮಧ್ಯಕ್ಕೆ ಮರಳದಿರುವುದು, ಅಥವಾ ನೇರ ರಸ್ತೆಯಲ್ಲಿ ಕೂದಲೆಳೆಯಷ್ಟು ತಿದ್ದಲು ಹೋದರೆ ಮೊದಲು ಅಲುಗದೆ ಆಮೇಲೆ ಒಮ್ಮೆಲೇ ಜಿಗಿಯುವುದು, ಇವು ಒಣ ಘರ್ಷಣೆಯ ಗುರುತುಗಳು. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಗುಂಡುಕೀಲಾದ ಬಾಲ್ ಜಾಯಿಂಟ್, ಸ್ಪ್ರಿಂಗ್ ಹೊತ್ತ ಕಂಬವಾದ ಸ್ಟ್ರಟ್‌ನ ಮೇಲ್ತುದಿಯ ಬೇರಿಂಗ್, ಸ್ಟೀರಿಂಗಿನ ಸುತ್ತನ್ನು ಅಡ್ಡಚಲನೆಯಾಗಿಸಿ ಚಕ್ರಗಳನ್ನು ತಿರುಗಿಸುವ, ಅತಿಯಾಗಿ ಬಿಗಿದ ರ‍್ಯಾಕ್, ಇಲ್ಲವೇ ಮತ್ತೆ ಅದೇ ಯೂನಿವರ್ಸಲ್ ಜಾಯಿಂಟ್ ಕಾರಣವಾಗಿರಬಹುದು.

ಇನ್ನು ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಮಾತ್ರ ಬಿಗಿ, ಹತ್ತು ನಿಮಿಷ ಓಡಿದ ಮೇಲೆ ಸರಿ ಎನ್ನುವುದು ಬೇರೆಯೇ ಕಾಯಿಲೆ. ರ‍್ಯಾಕಿನ ತಲೆಯಲ್ಲಿರುವ ಕವಾಟದ ಟೆಫ್ಲಾನ್ ಬಳೆಗಳು ಕಾಲಕ್ರಮೇಣ ಅಲ್ಯೂಮಿನಿಯಂ ಗೂಡಿನಲ್ಲಿ ಗೀರು ಕೊರೆದುಬಿಡುತ್ತವೆ. ತಣ್ಣಗಿರುವಾಗ ಆಯಿಲ್ ಆ ಗೀರಿನಲ್ಲಿ ನುಸುಳಿ ಒತ್ತಡ ಸೋರಿಹೋಗುತ್ತದೆ. ಬಿಸಿಯಾದಾಗ ಬಳೆ ಹಿಗ್ಗಿ ಮುಚ್ಚಿಕೊಳ್ಳುತ್ತದೆ. ಗೂಡೇ ಸವೆದಿರುವುದರಿಂದ ಬರೀ ಸೀಲ್ ಹಾಕಿ ಇದನ್ನು ಸರಿಪಡಿಸಲಾಗದು, ರ‍್ಯಾಕನ್ನೇ ಬದಲಿಸಬೇಕು.

ಒಂದು ಸಂಗತಿಯನ್ನು ಇಲ್ಲಿ ನೆನಪಿಡಿ. 1926ರಲ್ಲಿ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರ್ ಪಿಯರ್ಸ್-ಆ್ಯರೋ ಕಾರಿನಲ್ಲಿ ಪವರ್ ಸ್ಟೀರಿಂಗನ್ನು ತೋರಿಸಿದ ದಿನದಿಂದ, 1951ರ ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ ಅದು ಮಾರುಕಟ್ಟೆಗೆ ಬಂದ ಮೇಲೂ, ನಮ್ಮ ಹಳೆಯ ಕಾರುಗಳಲ್ಲಿ ಆಯಿಲ್ ಮಾಡುವುದು ತಳ್ಳುವ ಕೆಲಸವನ್ನಷ್ಟೇ. ಕೈಯಿಂದ ಚಕ್ರದವರೆಗಿನ ಉಕ್ಕಿನ ಸರಪಳಿ ಹಾಗೆಯೇ ಇದೆ. ಆ ಸರಪಳಿಯಲ್ಲಿ ಒಂದು ಕೊಂಡಿ ಜಡವಾದರೆ ಎಷ್ಟೇ ಒಳ್ಳೆಯ ಪಂಪ್ ಕೂಡ ಅದನ್ನು ಗುಣಪಡಿಸುವುದಿಲ್ಲ. ಎಷ್ಟೋ ಸಲ ಪಂಪಿನ ಬಲವೇ ಆ ಜಡತೆಯನ್ನು ವರ್ಷಗಟ್ಟಲೆ ಮುಚ್ಚಿಡುತ್ತದೆ.

ಜ್ಯಾಕ್ ಎತ್ತುವ ಮುನ್ನ

ಟೈರಿನ ಗಾಳಿ ನೋಡಿ. ಮುಂದಿನ ಟೈರುಗಳಲ್ಲಿ ಗಾಳಿ ಕಡಿಮೆಯಿದ್ದರೆ ಉಳಿದೆಲ್ಲ ಪರೀಕ್ಷೆಯೂ ವ್ಯರ್ಥ.

ಪವರ್ ಸ್ಟೀರಿಂಗಿನ ಆಯಿಲ್ ಡಬ್ಬಿಯ ಮುಚ್ಚಳ ತೆರೆದು ಒಂದು ಹನಿಯನ್ನು ಬಿಳಿಯ ಕಾಗದದ ಮೇಲೆ ಬಿಡಿ. ಕೆಂಪೋ ಹಸಿರೋ ತಿಳಿಯಾಗಿ ಹರಡಿದರೆ ಒಳ್ಳೆಯದು. ಕಂದು ತಿರುಗಿ ಸುಟ್ಟ ವಾಸನೆ ಬಂದರೆ ಬದಲಿಸುವ ಕಾಲ ಮೀರಿದೆ. ಕಾಗದವನ್ನು ಬಿಸಿಲಿಗೆ ಓರೆಯಾಗಿ ಹಿಡಿದಾಗ ಬೂದು ಬಣ್ಣದ ಮಿನುಗು ಕಂಡರೆ ಪಂಪಿನ ಒಳಗೆ ಲೋಹ ಸವೆಯುತ್ತಿದೆ. ಹಾಲಿನಂತೆ ಬೆಳ್ಳಗೆ, ನೊರೆ ನೊರೆಯಾಗಿದ್ದರೆ ಎಲ್ಲೋ ಗಾಳಿ ಸೇರುತ್ತಿದೆ. ಸಾಮಾನ್ಯವಾಗಿ ಡಬ್ಬಿಯಿಂದ ಪಂಪಿಗೆ ಬರುವ ಹೋಸಿನ ಕ್ಲಿಪ್ ಸಡಿಲವಾಗಿರುತ್ತದೆ. ಅಲ್ಲಿ ಹೀರುವಿಕೆ ಇರುವುದರಿಂದ ಆಯಿಲ್ ಹೊರಗೆ ತೊಟ್ಟಿಕ್ಕದೆಯೇ ಗಾಳಿ ಒಳಗೆ ನುಗ್ಗಬಲ್ಲದು.

ಡಬ್ಬಿಯ ತಳವನ್ನೂ ನೋಡಿ. ಅನೇಕ ಹಳೆಯ ಕಾರುಗಳಲ್ಲಿ ಅಲ್ಲೊಂದು ಸಣ್ಣ ಜರಡಿ ಇರುತ್ತದೆ. ಅದು ಕೆಸರು ಕಟ್ಟಿಕೊಂಡರೆ ಪಂಪ್ ಆಯಿಲ್ ಸಿಗದೆ ನರಳುತ್ತದೆ. ನಾವು ಆ ನರಳಿಕೆ ಕೇಳಿ ಪಂಪನ್ನೇ ದೂರುತ್ತೇವೆ. ಡಬ್ಬಿಯನ್ನು ಬಿಚ್ಚಿ ತೊಳೆಯಬಹುದು. ತೊಳೆದರೂ ಜರಡಿ ತೆರೆದುಕೊಳ್ಳದಿದ್ದರೆ ಡಬ್ಬಿಯನ್ನೇ ಬದಲಿಸಬೇಕು.

ಬೆಲ್ಟ್ ನೋಡುವುದು ಸುಲಭ. ಎರಡು ಪುಲ್ಲಿಗಳ ನಡುವಿನ ಉದ್ದದ ಭಾಗವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಸುಮಾರು 10 ಮಿಲಿಮೀಟರ್ ಬಾಗುವುದು ವಾಡಿಕೆ, ಸರಿಯಾದ ಅಳತೆ ನಿಮ್ಮ ಕಾರಿನ ಕೈಪಿಡಿಯಲ್ಲಿರುತ್ತದೆ. ಪಕ್ಕೆಗಳು ಗಾಜಿನಂತೆ ಹೊಳೆಯುತ್ತಿದ್ದರೆ, ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿದಾಗ ಕಿರುಚಿದರೆ ಅದು ಜಾರುತ್ತಿದೆ.

ಇಷ್ಟರಲ್ಲೇ ದೋಷ ಸಿಕ್ಕಿದರೆ ಅದೃಷ್ಟ. ಸಿಗದಿದ್ದರೆ ಮುಂದಿನ ಪರೀಕ್ಷೆಗೆ ಬನ್ನಿ. ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದು ಇದೇ, ಇದನ್ನೇ ಹೆಚ್ಚಿನವರು ಮಾಡುವುದಿಲ್ಲ.

ಚಕ್ರಗಳನ್ನು ನೆಲದಿಂದ ಬಿಡಿಸಿ

ಗಟ್ಟಿಯಾದ ಸಮತಟ್ಟು ನೆಲ. ಹಿಂದಿನ ಚಕ್ರಗಳಿಗೆ ಎರಡೂ ಬದಿಯಿಂದ ಕಟ್ಟಿಗೆಯ ಅಡ್ಡಗಟ್ಟೆ, ಹ್ಯಾಂಡ್‌ಬ್ರೇಕ್. ಕಾರಿನ ಮುಂಭಾಗವನ್ನು ಜ್ಯಾಕಿನಿಂದ ಎತ್ತಿ, ಕೈಪಿಡಿ ತೋರಿಸಿರುವ ಜಾಗಗಳಲ್ಲೇ ಎರಡು ಸ್ಟ್ಯಾಂಡ್ ಇಟ್ಟು, ಭಾರವನ್ನು ಅವುಗಳ ಮೇಲೆ ಇಳಿಸಿ. ಕಾರನ್ನು ಬದಿಯಿಂದ ಜೋರಾಗಿ ಅಲುಗಿಸಿ ನೋಡಿ. ಅಲುಗಿಸುವಾಗ ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ. ಬರೀ ಜ್ಯಾಕಿನ ಆಸರೆಯಲ್ಲಿ ಕಾರಿನ ಕೆಳಗೆ ಹೋಗಬೇಡಿ, ಅರ್ಧ ನಿಮಿಷಕ್ಕೂ ಹೋಗಬೇಡಿ.

ಕೀಲಿಕೈಯನ್ನು ಸ್ಟೀರಿಂಗ್ ಲಾಕ್ ಬಿಡುವಷ್ಟು ಮಾತ್ರ ತಿರುಗಿಸಿ, ಎಂಜಿನ್ ಶುರು ಮಾಡಬೇಡಿ. ಈಗ ಸ್ಟೀರಿಂಗನ್ನು ಎರಡು ಬೆರಳುಗಳಿಂದ ಹಿಡಿದು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಿಧಾನವಾಗಿ, ಬಹಳ ನಿಧಾನವಾಗಿ ತಿರುಗಿಸಿ. ನಿಧಾನ ಏಕೆಂದರೆ ಒಳಗಿನ ಆಯಿಲ್ ಕೊಡುವ ತಡೆ ವೇಗದ ಜೊತೆ ಏರುತ್ತದೆ, ಇಳಿಯುತ್ತದೆ. ತುಕ್ಕಿನ ತಡೆ ವೇಗವನ್ನು ಲೆಕ್ಕಿಸುವುದಿಲ್ಲ. ಆಮೆಯ ವೇಗದಲ್ಲಿ ತಿರುಗಿಸಿದಾಗಲೂ ಉಳಿಯುವ ಹಿಡಿತವೇ ನಾವು ಹುಡುಕುತ್ತಿರುವ ಹಿಡಿತ.

ನಾನು ಸ್ಟೀರಿಂಗಿನ ಅಂಚಿಗೆ ಒಂದು ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ಅಂಚಿನ ದಿಕ್ಕಿನಲ್ಲೇ ಎಳೆದು ಓದಿಕೊಂಡೆ. ಹೆಚ್ಚಿನ ಜಾಗಗಳಲ್ಲಿ 600 ಗ್ರಾಂ ತೋರಿಸುತ್ತಿದ್ದ ಮುಳ್ಳು, ಸುತ್ತಿನ ಎರಡು ಕಡೆ ಒಂದೂವರೆ ಕಿಲೋ ದಾಟಿತು. ಆ ಎರಡೂ ಜಾಗಗಳು ಒಂದಕ್ಕೊಂದು ಎದುರುಬದುರು. ಸ್ಟೀರಿಂಗಿನ ಮೇಲೆ ಅಲ್ಲಿಗೆ ಕಾಗದದ ಅಂಟುಪಟ್ಟಿ ಹಚ್ಚಿ ಗುರುತು ಮಾಡಿದೆ. ಎರಡು ಪಟ್ಟಿಗಳನ್ನು ನೋಡುತ್ತಾ ಕುಳಿತಾಗ ನನಗೆ ಉತ್ತರ ಸಿಕ್ಕಿಬಿಟ್ಟಿತ್ತು. ಕೈಯ ಅಂದಾಜು ಗಂಟೆಗೊಂದು ಹೇಳುತ್ತದೆ, ತಕ್ಕಡಿ ಹಾಗಲ್ಲ. ರಿಪೇರಿಯ ಹಿಂದಿನ ಅಂಕಿ ಬರೆದಿಟ್ಟಿದ್ದರೆ ಮುಂದಿನದರ ಜೊತೆ ಹೋಲಿಸಬಹುದು.

ಈಗ ಇದೇ ಪರೀಕ್ಷೆಯನ್ನು ಎಂಜಿನ್ ಓಡುತ್ತಿರುವಾಗ ಮಾಡಿ. ಗೇರ್ ನ್ಯೂಟ್ರಲ್‌ನಲ್ಲಿ, ಆಟೊಮ್ಯಾಟಿಕ್ ಆದರೆ ಪಾರ್ಕಿಂಗ್‌ನಲ್ಲಿರಲಿ. ಕಾರಿನ ಕೆಳಗೆ ಯಾರೂ ಇರಬಾರದು. ಎಂಜಿನ್ ನಿಂತಿದ್ದಾಗ ನಯವಾಗಿದ್ದು ಓಡುವಾಗ ಹಿಡಿದರೆ ದೋಷ ಆಯಿಲ್ ಕಡೆಯದು, ಬಹುಮಟ್ಟಿಗೆ ರ‍್ಯಾಕಿನ ಕವಾಟದ್ದು. ಎಂಜಿನ್ ಶುರುವಾದ ಕೂಡಲೇ ಸ್ಟೀರಿಂಗ್ ತಾನಾಗಿ ಒಂದು ಕಡೆ ತಿರುಗಲು ಹೊರಟರೂ ಕವಾಟವೇ ಕಾರಣ. ಎರಡೂ ಸ್ಥಿತಿಯಲ್ಲಿ ಹಿಡಿದರೆ ದೋಷ ಉಕ್ಕಿನ ಸರಪಳಿಯದು, ಆಯಿಲನ್ನು ಮರೆತುಬಿಡಿ. ಗಾಳಿಯಲ್ಲಿ ಎರಡು ಸ್ಥಿತಿಯಲ್ಲೂ ನಯವಾಗಿದ್ದು ನೆಲದ ಮೇಲೆ ಮಾತ್ರ ಹಿಡಿದರೆ, ಭಾರ ಬಿದ್ದಾಗ ಮಾತ್ರ ಸಿಕ್ಕಿಕೊಳ್ಳುವ ಕೀಲುಗಳನ್ನು ನೋಡಬೇಕು. ಸ್ಟ್ರಟ್ ಬೇರಿಂಗ್ ಮತ್ತು ಕೆಳಗಿನ ಬಾಲ್ ಜಾಯಿಂಟ್ ಆ ಜಾತಿಯವು.

ಕೊಂಡಿ ಬಿಡಿಸುವುದು

ಹಿಡಿತ ಉಕ್ಕಿನದು ಎಂದು ತಿಳಿದ ಮೇಲೆ ಸರಪಳಿಯನ್ನು ನಡುವೆ ಕತ್ತರಿಸಬೇಕು. ಚಕ್ರಗಳನ್ನು ಬಿಚ್ಚಿ. ಸ್ಟೀರಿಂಗಿನ ಚಲನೆಯನ್ನು ಚಕ್ರಕ್ಕೆ ಮುಟ್ಟಿಸುವ ಕಂಬಿಯಾದ ಟೈ ರಾಡ್‌ನ ತುದಿಯ ನಟ್ಟಿನಲ್ಲಿರುವ ಪಿನ್ ತೆಗೆದು, ನಟ್ಟನ್ನು ಕೆಲವು ಸುತ್ತು ಸಡಿಲಿಸಿ, ಕೀಲನ್ನು ಒತ್ತಿ ಬಿಡಿಸುವ ಸಾಧನವಾದ ಪುಲ್ಲರ್ ಹಾಕಿ ತುದಿಯನ್ನು ಬಿಡಿಸಿಕೊಳ್ಳಿ. ಕವಲುಗೋಲಿನಂಥ ಸಾಧನ ಬಡಿದು ಎಬ್ಬಿಸುವವರಿದ್ದಾರೆ, ಅದು ಕೀಲನ್ನು ಮುಚ್ಚಿರುವ ರಬ್ಬರ್ ಬೂಟನ್ನು ಹರಿಯುತ್ತದೆ. ಹರಿದ ಬೂಟಿನ ಕೀಲು ಮುಂದಿನ ಮಳೆಗಾಲದ ನಂತರ ಹೊಸ ತೊಂದರೆಯಾಗಿ ಮರಳುತ್ತದೆ.

ಎರಡೂ ಬದಿ ಬಿಡಿಸಿದ ಮೇಲೆ ಮೂರು ಗುಂಪುಗಳಾದವು. ಎಡಗಡೆಯ ಚಕ್ರ ಕೂರುವ ಹಬ್ ಒಂದು, ಬಲಗಡೆಯದು ಒಂದು, ಸ್ಟೀರಿಂಗ್ ದಂಡ ಮತ್ತು ರ‍್ಯಾಕ್ ಸೇರಿ ಇನ್ನೊಂದು. ಹಬ್ಬನ್ನು ಎರಡು ಕೈಗಳಿಂದ ಹಿಡಿದು ಎಡಕ್ಕೂ ಬಲಕ್ಕೂ ತೂಗಿ. ಬ್ರೇಕ್ ಹೋಸ್ ಎಳೆಯದಷ್ಟೇ ತೂಗಿ. ಬಾಗಿಲಿನಂತೆ ಹಗುರವಾಗಿ, ಒಂದೇ ಹದದಲ್ಲಿ ತಿರುಗಬೇಕು. ಒಂದು ಬದಿ ನಯವಾಗಿ, ಇನ್ನೊಂದು ಬದಿ ಗಡಸಾಗಿದ್ದರೆ ತೊಂದರೆ ಅಲ್ಲಿದೆ. ಎರಡೂ ಚೆನ್ನಾಗಿದ್ದರೆ ಒಳಗೆ ಹೋಗಿ ಕುಳಿತು ಸ್ಟೀರಿಂಗ್ ತಿರುಗಿಸಿ. ಈಗಲೂ ಹಿಡಿಯುತ್ತಿದೆಯೇ? ಹಾಗಾದರೆ ದಂಡ ಅಥವಾ ರ‍್ಯಾಕ್. ನನ್ನ ಕಾರಿನಲ್ಲಿ ಹಬ್‌ಗಳೆರಡೂ ಬೆರಳಿನ ತುದಿಗೆ ತಿರುಗಿದವು, ಸ್ಟೀರಿಂಗ್ ಮಾತ್ರ ಅದೇ ಎರಡು ಪಟ್ಟಿಗಳ ಬಳಿ ಹಿಡಿಯಿತು.

ತುಕ್ಕು ಹಿಡಿದ ಕೀಲು

ಸ್ಟೀರಿಂಗ್ ದಂಡ ಕಾರಿನ ಒಳಗಿನಿಂದ ಎಂಜಿನ್ ಕೋಣೆಗೆ ಇಳಿದು, ಓರೆಯಾಗಿ ರ‍್ಯಾಕನ್ನು ಸೇರುತ್ತದೆ. ಆ ಓರೆಗಾಗಿ ಮೇಲೊಂದು, ಕೆಳಗೊಂದು ಯೂನಿವರ್ಸಲ್ ಜಾಯಿಂಟ್ ಇರುತ್ತದೆ. ಅನೇಕ ಕಾರುಗಳಲ್ಲಿ ಕೆಳಗಿನದಕ್ಕೆ ರಸ್ತೆಯ ನೀರು ಎರಚುತ್ತದೆ, ಪಕ್ಕದಲ್ಲೇ ಹಾದುಹೋಗುವ ಎಗ್ಸಾಸ್ಟ್ ಕೊಳವೆಯ ಕಾವು ಅದರ ಗ್ರೀಸನ್ನು ಒಣಗಿಸುತ್ತದೆ. ನೀರೂ ಬೆಂಕಿಯೂ ಸರದಿಯಂತೆ ಬಡಿಯುವ ಜಾಗದಲ್ಲಿ ಇಪ್ಪತ್ತು ವರ್ಷ ಕುಳಿತ ಕೀಲು ಅದು.

ಬಿಚ್ಚುವ ಮುನ್ನ ನಾಲ್ಕು ಎಚ್ಚರಿಕೆಗಳು, ಇವುಗಳಲ್ಲಿ ಒಂದನ್ನೂ ಬಿಡಬೇಡಿ. ಮುಂದಿನ ಚಕ್ರಗಳು ನೇರವಾಗಿರಲಿ. ಏರ್‌ಬ್ಯಾಗ್ ಇರುವ ಕಾರಾದರೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಕೈಪಿಡಿ ಹೇಳಿದಷ್ಟು ಹೊತ್ತು ಕಾಯಿರಿ. ಸ್ಟೀರಿಂಗನ್ನು ಅಲುಗದಂತೆ ಕಟ್ಟಿಹಾಕಿ, ನಾನು ಸೀಟ್ ಬೆಲ್ಟನ್ನೇ ಸ್ಟೀರಿಂಗಿನ ಒಳಗಿನಿಂದ ಹಾಯಿಸಿ ಕೊಂಡಿ ಹಾಕಿದೆ. ದಂಡ ಬಿಚ್ಚಿದ ಮೇಲೆ ಸ್ಟೀರಿಂಗ್ ಅಂಕೆಯಿಲ್ಲದೆ ಸುತ್ತಿದರೆ, ಅದರ ಕೆಳಗೆ ಸುರುಳಿಯಾಗಿ ಕುಳಿತಿರುವ ಏರ್‌ಬ್ಯಾಗ್ ತಂತಿಪಟ್ಟಿ ಹರಿದುಹೋಗುತ್ತದೆ. ಕೊನೆಯದು, ಜಾಯಿಂಟ್ ಮತ್ತು ರ‍್ಯಾಕಿನ ಹಲ್ಲುದಂಡ ಸೇರುವ ಕಡೆ ಎರಡರ ಮೇಲೂ ಹಾದುಹೋಗುವಂತೆ ಬಣ್ಣದ ಗೆರೆ ಎಳೆಯಿರಿ. ಮತ್ತೆ ಸೇರಿಸುವಾಗ ಒಂದು ಹಲ್ಲು ಆಚೀಚೆ ಆದರೂ ಸ್ಟೀರಿಂಗ್ ಸೊಟ್ಟಗೆ ನಿಲ್ಲುತ್ತದೆ.

ಜಾಯಿಂಟನ್ನು ಬಿಗಿಹಿಡಿದಿರುವ ಬೋಲ್ಟನ್ನು ಸಡಿಲಿಸಿದರೆ ಸಾಲದು, ಪೂರ್ತಿ ಹೊರತೆಗೆಯಬೇಕು. ಹಲವು ಕಾರುಗಳಲ್ಲಿ ಆ ಬೋಲ್ಟ್ ಹಲ್ಲುದಂಡದ ಮೇಲಿನ ಒಂದು ಕಚ್ಚಿನಲ್ಲಿ ಹಾದುಹೋಗುತ್ತದೆ. ಇದು ತಿಳಿಯದೆ ಸುತ್ತಿಗೆಯಿಂದ ಬಡಿದು ರ‍್ಯಾಕ್ ಹಾಳುಮಾಡಿಕೊಂಡವರಿದ್ದಾರೆ.

ಹೊರಬಂದ ಜಾಯಿಂಟನ್ನು ವೈಸಿನಲ್ಲಿ ಹಿಡಿಸಿ ಮೊದಲು ಒಂದು ಅಕ್ಷದಲ್ಲಿ ಬಾಗಿಸಿದೆ. ಬೆರಳಿನ ಗೆಣ್ಣಿನಂತೆ ಬಾಗಿತು. ಇನ್ನೊಂದು ಅಕ್ಷದಲ್ಲಿ ಎರಡು ಕೈಯ ಬಲ ಹಾಕಿದರೂ ಅಲುಗಲಿಲ್ಲ, ಆಮೇಲೆ ಹಳೆಯ ಗೇಟಿನ ತಿರುಗಣಿಯಂತೆ ಕಿರ್ ಎಂದು ಒಂದಿಷ್ಟು ಸರಿಯಿತು. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಬಾಗಿಸಿದಾಗ ಇಟ್ಟಿಗೆಯ ಪುಡಿಯಂಥ ಕೆಂಪು ರಸ ಒಸರಿತು. ಕುತೂಹಲಕ್ಕೆ ಅದರ ಬಟ್ಟಲನ್ನು ಒತ್ತಿ ತೆಗೆದು ನೋಡಿದೆ. ಪೆನ್ಸಿಲಿನ ಸೀಸದಷ್ಟು ದಪ್ಪದ, ಸುತ್ತಲೂ ಸಾಲಾಗಿ ನಿಲ್ಲಬೇಕಾದ ಸೂಜಿ ಬೇರಿಂಗುಗಳಲ್ಲಿ ಅರ್ಧದಷ್ಟು ಮುರಿದಿದ್ದವು, ಉಳಿದವು ತುಕ್ಕಿನಿಂದ ಒಂದಕ್ಕೊಂದು ಬೆಸೆದುಕೊಂಡಿದ್ದವು. ನನ್ನ ಕೈಗೂ ಚಕ್ರಕ್ಕೂ ನಡುವೆ ಇಷ್ಟು ದಿನ ನಿಂತಿದ್ದದ್ದು ಈ ಮುರಿದ ಸೂಜಿಗಳು ಎಂದು ಯೋಚಿಸಿ ಮೈ ಜುಮ್ಮೆಂದಿತು.

ಎಣ್ಣೆ ಹಾಕಿ ಆಡಿಸಿದರೆ ಇಂಥ ಕೀಲು ಕೆಲವು ವಾರ ಚೆನ್ನಾಗಿ ನಡೆಯುತ್ತದೆ. ರೋಗ ಇದೇ ಎಂದು ಖಚಿತಪಡಿಸಿಕೊಳ್ಳಲು ಆ ಉಪಾಯ ಒಳ್ಳೆಯದು. ಜಾಯಿಂಟನ್ನು ಬಿಚ್ಚದೆಯೇ ಎಣ್ಣೆ ಸಿಂಪಡಿಸಿ, ಸ್ಟೀರಿಂಗ್ ಹಗುರವಾಯಿತೇ ಎಂದು ನೋಡಬಹುದು. ಆದರೆ ಅದನ್ನೇ ಚಿಕಿತ್ಸೆ ಎಂದುಕೊಳ್ಳಬೇಡಿ, ಏಕೆಂದರೆ ಆ ತೆಳು ಎಣ್ಣೆ ಉಳಿದ ಗ್ರೀಸನ್ನೂ ತೊಳೆದುಬಿಡುತ್ತದೆ. ಹೊಸ ದಂಡ ಅಥವಾ ಹೊಸ ಜಾಯಿಂಟ್ ಹಾಕಿ. ಬೋಲ್ಟ್ ಕೂಡ ಹೊಸದಿರಲಿ, ಕೈಪಿಡಿಯಲ್ಲಿರುವ ಬಿಗಿತಕ್ಕೆ ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ಪಾನಾದಿಂದಲೇ ಬಿಗಿಯಿರಿ. ಬಿಗಿದ ಮೇಲೆ ಜಾಯಿಂಟನ್ನು ಕೈಯಿಂದ ಎಳೆದು ನೋಡಿ, ಬೋಲ್ಟ್ ಕಚ್ಚಿನಲ್ಲಿ ಕುಳಿತಿದ್ದರೆ ಅದು ಜಾರುವುದಿಲ್ಲ.

ದಂಡ ಎಂಜಿನ್ ಕೋಣೆಯ ಗೋಡೆಯನ್ನು ಹಾಯುವಲ್ಲಿ ಇರುವ ರಬ್ಬರ್ ಬೂಟನ್ನೂ ನೋಡಿಬಿಡಿ. ಅದು ಒಣಗಿದ್ದರೆ ಬಿಗಿಯುವುದಕ್ಕಿಂತ ಹೆಚ್ಚಾಗಿ ಕೀರಲು ಸದ್ದು ಮಾಡುತ್ತದೆ. ಸಿಲಿಕೋನ್ ಗ್ರೀಸ್ ಸವರಿ. ಸಾಮಾನ್ಯ ಗ್ರೀಸ್ ರಬ್ಬರನ್ನು ಕೆಡಿಸುತ್ತದೆ.

ಹಬ್ ಕಡೆಯ ದೋಷಗಳು

ಹಬ್ ಗಡಸಾಗಿದ್ದರೆ ಮೇಲೊಂದು, ಕೆಳಗೊಂದು ಶಂಕಿತರಿದ್ದಾರೆ. ಮೇಲಿನದು ಸ್ಟ್ರಟ್ ಬೇರಿಂಗ್. ಗೆಳೆಯರೊಬ್ಬರ ವ್ಯಾನಿನಲ್ಲಿ ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಟಣ್ ಎಂದು ಸದ್ದಾಗುತ್ತಿತ್ತು, ಕೈಬಿಟ್ಟರೆ ಸ್ಟೀರಿಂಗ್ ತಾನಾಗಿ ಒಂದಿಷ್ಟು ಹಿಂದಕ್ಕೆ ಚಿಮ್ಮುತ್ತಿತ್ತು. ಚಕ್ರಗಳು ನೆಲದ ಮೇಲಿರುವಾಗ ಒಬ್ಬರು ನಿಧಾನವಾಗಿ ಸ್ಟೀರಿಂಗ್ ತಿರುಗಿಸಲಿ, ನೀವು ಸ್ಪ್ರಿಂಗಿನ ಹೊರಮೈಗೆ ಅಂಗೈ ಆನಿಸಿ. ಸುರುಳಿಗಳ ನಡುವೆ ಬೆರಳು ತೂರಿಸಬೇಡಿ. ಬೇರಿಂಗ್ ಚೆನ್ನಾಗಿದ್ದರೆ ಸ್ಪ್ರಿಂಗ್ ಸದ್ದಿಲ್ಲದೆ ಸುತ್ತುತ್ತದೆ. ಹಿಡಿದಿದ್ದರೆ ಮುರಿದುಕೊಳ್ಳುವಂತೆ ಹುರಿಗೊಂಡು, ಒಮ್ಮೆಲೇ ಕಳಚಿ ಜಿಗಿಯುವುದು ಅಂಗೈಗೆ ಗೊತ್ತಾಗುತ್ತದೆ. ಬದಲಿಸುವ ಕೆಲಸಕ್ಕೆ ಸ್ಪ್ರಿಂಗ್ ಕಂಪ್ರೆಸರ್ ಬೇಕೇ ಬೇಕು. ಒತ್ತಿಹಿಡಿದ ಸ್ಪ್ರಿಂಗ್ ಕೈತಪ್ಪಿದರೆ ಪ್ರಾಣಕ್ಕೆ ಕುತ್ತು. ಅಭ್ಯಾಸವಿಲ್ಲದಿದ್ದರೆ ಈ ಒಂದು ಕೆಲಸವನ್ನು ತಿಳಿದವರಿಗೆ ಬಿಡಿ.

ಕೆಳಗಿನದು ಬಾಲ್ ಜಾಯಿಂಟ್. ಬೂಟ್ ಹರಿದು ನೀರು ಹೊಕ್ಕ ಬಾಲ್ ಜಾಯಿಂಟ್ ಗಡಸಾಗುತ್ತದೆ. ಬೂಟಿನೊಳಗೆ ಸೂಜಿ ಚುಚ್ಚಿ ಗ್ರೀಸ್ ತುಂಬುವ ಪದ್ಧತಿಯಿದೆ, ಅದರಿಂದ ಸ್ಟೀರಿಂಗ್ ಅದ್ಭುತವಾಗಿ ಹಗುರವಾಗುತ್ತದೆ, ಅಲ್ಲೇ ಅಪಾಯವೂ ಇರುವುದು. ತುಕ್ಕು ಕಚ್ಚಿದ ಗುಂಡು ತಿರುಗುವ ಬದಲು ತನ್ನ ಕುತ್ತಿಗೆಯನ್ನೇ ತಿರುಚಿಕೊಳ್ಳುತ್ತಾ ಬಂದಿರುತ್ತದೆ. ಆ ಕುತ್ತಿಗೆ ಓಟದ ನಡುವೆ ಮುರಿದರೆ ಚಕ್ರ ಕಾರಿನ ಕೆಳಗೆ ಮಡಚಿಕೊಳ್ಳುತ್ತದೆ. ಗ್ರೀಸ್ ಹಾಕಿ ಹಗುರವಾಯಿತೆಂದರೆ ದೋಷ ಸಾಬೀತಾಯಿತು ಎಂದೇ ಅರ್ಥ. ಜಾಯಿಂಟ್ ಬದಲಿಸಿ, ಅಲ್ಲಿಯವರೆಗೆ ಕಾರು ಓಡಿಸಬೇಡಿ.

ರ‍್ಯಾಕ್

ರ‍್ಯಾಕಿನ ಎರಡು ತುದಿಗಳ ಅಕಾರ್ಡಿಯನ್‌ನಂಥ ಬೂಟುಗಳನ್ನು ಹಿಚುಕಿ ನೋಡಿ. ಒಳಗೆ ಆಯಿಲ್ ಚುಳುಕೆಂದರೆ ಒಳಗಿನ ಸೀಲ್ ಹೋಗಿದೆ. ಬೂಟ್ ಹರಿದಿದ್ದರೆ ದಂಡಕ್ಕೆ ತುಕ್ಕು ಹಿಡಿದಿರುತ್ತದೆ, ಆ ತುಕ್ಕು ಸೀಲನ್ನು ಉಜ್ಜಿ ತಿನ್ನುತ್ತದೆ.

ಇದಕ್ಕಿಂತ ಹೆಚ್ಚಾಗಿ ಕಾಣುವುದು ಮನುಷ್ಯರೇ ಮಾಡಿದ ದೋಷ. ರ‍್ಯಾಕಿನ ಹಿಂಬದಿಯಲ್ಲಿ ಸ್ಪ್ರಿಂಗಿನ ಆಸರೆಯ ಒಂದು ಒತ್ತುಗುಂಡಿ ಹಲ್ಲುಗಳನ್ನು ಒಂದಕ್ಕೊಂದು ಒತ್ತಿಹಿಡಿದಿರುತ್ತದೆ. ಹೊರಗಿನಿಂದ ಬಿಗಿಯಲು ದೊಡ್ಡ ತಿರುಪು ಇದೆ. ಹಳೆಯ ಕಾರು ಕಟಕಟ ಎಂದಾಗ ಯಾರಾದರೂ ಆ ತಿರುಪನ್ನು ಬಿಗಿದುಬಿಡುತ್ತಾರೆ. ಸದ್ದು ನಿಲ್ಲುತ್ತದೆ. ಆದರೆ ರ‍್ಯಾಕ್ ಹೆಚ್ಚು ಸವೆಯುವುದು ಮಧ್ಯದಲ್ಲಿ, ನಾವು ಹೆಚ್ಚು ಹೊತ್ತು ಓಡಿಸುವುದು ನೇರವಾಗಿ ತಾನೇ? ಸವೆದ ಮಧ್ಯಕ್ಕೆ ಹೊಂದುವಂತೆ ಬಿಗಿದರೆ ಸವೆಯದ ಬದಿಗಳಲ್ಲಿ ಅದು ಕಚ್ಚಿಕೊಳ್ಳುತ್ತದೆ, ತಿರುವಿನಿಂದ ಸ್ಟೀರಿಂಗ್ ಮರಳುವುದಿಲ್ಲ. ಕಾರು ನಿಮ್ಮ ಕೈಗೆ ಬರುವ ಮುನ್ನ ಯಾರಾದರೂ ಹೀಗೆ ಮಾಡಿರಬಹುದು. ತಿರುಪಿನ ಮೂಲೆಗಳಲ್ಲಿ ಪಾನಾದ ಹೊಸ ಗೀರುಗಳು ಕಂಡರೆ ಸಂಶಯಪಡಿ. ಸರಿಪಡಿಸುವಾಗ ಸುತ್ತಿನ ಎಂಟನೇ ಒಂದು ಭಾಗದಷ್ಟು ಮಾತ್ರ ಸಡಿಲಿಸಿ, ಲಾಕ್ ನಟ್ ಬಿಗಿದು, ಎರಡು ಕೊನೆಗಳವರೆಗೂ ತಿರುಗಿಸಿ ನೋಡಿ, ಬೇಕಿದ್ದರೆ ಮತ್ತೆ ಅಷ್ಟೇ. ಕೈಪಿಡಿಯಲ್ಲಿ ಇದಕ್ಕೆಂದೇ ಅಳತೆ ಇರುತ್ತದೆ, ಅದಿಲ್ಲದೆ ಮುಟ್ಟದಿದ್ದರೆ ಇನ್ನೂ ಒಳ್ಳೆಯದು.

ದೋಷ ಆಯಿಲಿನದೇ ಆದರೆ

ಡಬ್ಬಿಯ ಮುಚ್ಚಳ ಯಾವ ಆಯಿಲ್ ಎನ್ನುತ್ತದೋ ಅದನ್ನೇ ಹಾಕಿ. ಕೆಲವು ಕಾರುಗಳು ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಕೆಂಪು ಆಯಿಲ್ ಕೇಳುತ್ತವೆ, ಕೆಲವು ಹಸಿರು ಹೈಡ್ರಾಲಿಕ್ ಆಯಿಲ್, ಕೆಲವು ತಮ್ಮದೇ ತಯಾರಿಕೆಯದು. ಬೆರೆಸಿದರೆ ನೊರೆ ಏಳಬಹುದು, ಸೀಲುಗಳು ಕೆಡಬಹುದು. ಸೋರಿಕೆ ನಿಲ್ಲಿಸುತ್ತವೆ ಎಂದು ಮಾರುವ ಬಾಟಲಿಗಳು ಸೀಲನ್ನು ಉಬ್ಬಿಸಿ ಕೆಲಸ ಮಾಡುತ್ತವೆ. ಉಬ್ಬಿದ ರಬ್ಬರ್ ಮೆತ್ತಗಾಗುತ್ತದೆ, ನಾನು ಅವನ್ನು ಬಳಸುವುದಿಲ್ಲ.

ಬದಲಿಸುವುದು ಹೀಗೆ. ಮುಂದಿನ ಚಕ್ರಗಳು ಸ್ಟ್ಯಾಂಡ್ ಮೇಲೆ, ಎಂಜಿನ್ ನಿಂತಿರಲಿ. ರ‍್ಯಾಕಿನಿಂದ ಡಬ್ಬಿಗೆ ಮರಳುವ ತೆಳು ಹೋಸನ್ನು ಬಿಚ್ಚಿ ಬಾಟಲಿಗೆ ಇಳಿಬಿಡಿ, ಡಬ್ಬಿಯ ಆ ಬಾಯಿಗೆ ಬಿರಡೆ ಹಾಕಿ. ಸ್ಟೀರಿಂಗನ್ನು ಕೊನೆಯಿಂದ ಕೊನೆಗೆ ತಿರುಗಿಸುತ್ತಾ ಹೋದರೆ ಹಳೆಯದು ಬಾಟಲಿಗೆ ಬರುತ್ತದೆ, ಇನ್ನೊಬ್ಬರು ಡಬ್ಬಿಗೆ ಹೊಸದನ್ನು ಸುರಿಯುತ್ತಿರಲಿ. ಡಬ್ಬಿ ಒಣಗಬಾರದು. ಬಾಟಲಿಗೆ ತಿಳಿಯಾದ ಆಯಿಲ್ ಬರತೊಡಗಿದಾಗ ಹೋಸ್ ಸೇರಿಸಿ. ಬಿಸಿ ಎಗ್ಸಾಸ್ಟ್ ಮೇಲೆ ಚೆಲ್ಲಿದ ಆಯಿಲಿಗೆ ಬೆಂಕಿ ಹತ್ತುತ್ತದೆ, ಆದ್ದರಿಂದ ತಣ್ಣಗಿರುವಾಗಲೇ ಮಾಡಿ, ಚೆಲ್ಲಿದ್ದನ್ನು ಒರೆಸಿ.

ಆಮೇಲೆ ಗಾಳಿ ತೆಗೆಯುವುದು. ಎಂಜಿನ್ ಶುರು ಮಾಡದೆಯೇ ಇಪ್ಪತ್ತು ಸಲ ಕೊನೆಯಿಂದ ಕೊನೆಗೆ ನಿಧಾನವಾಗಿ ತಿರುಗಿಸಿ, ಗುಳ್ಳೆ ಏಳುವುದು ನಿಲ್ಲುವವರೆಗೆ. ಅವಸರಕ್ಕೆ ಎಂಜಿನ್ ಶುರು ಮಾಡಿದರೆ ಪಂಪ್ ಆ ಗಾಳಿಯನ್ನು ಆಯಿಲಿನಲ್ಲಿ ಕಡೆದು ನೊರೆ ಮಾಡುತ್ತದೆ, ನೊರೆ ತಿಳಿಯಾಗಲು ಗಂಟೆಗಟ್ಟಲೆ ಬೇಕು. ಗುಳ್ಳೆ ನಿಂತ ಮೇಲೆ ಎಂಜಿನ್ ಶುರು ಮಾಡಿ ಮತ್ತೆ ಕೆಲವು ಸಲ ತಿರುಗಿಸಿ. ಕೊನೆಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಹಿಡಿದಿಡಬೇಡಿ, ಅಲ್ಲಿ ಪಂಪ್ ತನ್ನ ಪೂರ್ಣ ಒತ್ತಡದಲ್ಲಿ ಕಾಯುತ್ತದೆ. ಅನೇಕ ಕಾರುಗಳಲ್ಲಿ ಆ ಒತ್ತಡ 70ರಿಂದ 100 ಬಾರ್, ಅಂದರೆ ಟೈರಿನ ಗಾಳಿಯ ಮೂವತ್ತು ಪಟ್ಟಿಗೂ ಮಿಗಿಲು. ಎಂಜಿನ್ ಓಡುವಾಗ ಸೋರಿಕೆಯನ್ನು ಬೆರಳಾಡಿಸಿ ಹುಡುಕಬೇಡಿ. ಸೂಜಿಮೊನೆಯ ರಂಧ್ರದಿಂದ ಚಿಮ್ಮುವ ಆಯಿಲ್ ಚರ್ಮವನ್ನು ತೂರಬಲ್ಲದು, ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ರಟ್ಟಿನ ತುಂಡು ಹಿಡಿದು ನೋಡಿ.

ಆಯಿಲ್, ಜರಡಿ, ಬೆಲ್ಟ್ ಎಲ್ಲ ಸರಿಯಿದ್ದೂ ಭಾರ ಉಳಿದರೆ ಆಗ ಪಂಪಿನ ಒತ್ತಡವನ್ನು ಗೇಜ್ ಹಾಕಿ ಅಳೆಸಿ. ಪಂಪ್ ಬದಲಿಸುವ ಮಾತು ಆ ಅಂಕಿ ನೋಡಿದ ಮೇಲೆ.

ಮತ್ತೆ ರಸ್ತೆಗೆ

ಟೈ ರಾಡ್ ತುದಿಗಳಿಗೆ ಹೊಸ ಪಿನ್ ಹಾಕಿ. ಟೈ ರಾಡ್, ಬಾಲ್ ಜಾಯಿಂಟ್ ಅಥವಾ ಸ್ಟ್ರಟ್ ಬದಲಿಸಿದ್ದರೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ. ಸ್ಟೀರಿಂಗ್ ಮಧ್ಯಕ್ಕೆ ಮರಳುವ ಗುಣ ಕ್ಯಾಸ್ಟರ್ ಕೋನವನ್ನೂ, ಅಂದರೆ ಚಕ್ರ ತಿರುವುವ ಅಕ್ಷ ಹಿಂದಕ್ಕೆ ವಾಲಿರುವ ಕೋನವನ್ನೂ, ಅವಲಂಬಿಸಿರುವುದರಿಂದ ಆ ಅಂಕಿಯನ್ನೂ ಕೇಳಿ ಪಡೆಯಿರಿ. ಅದು ಹೊಂದದಿದ್ದರೆ ಚಕ್ರವನ್ನು ಹಿಡಿದಿರುವ ಕೆಳಗಿನ ತೋಳಿನ ರಬ್ಬರ್ ಬುಷ್ ಸವೆದಿರಬಹುದು.

ನಾನು ಹೊಸ ದಂಡ ಹಾಕಿ, ಚಕ್ರಗಳು ಗಾಳಿಯಲ್ಲಿರುವಾಗಲೇ ಮತ್ತೆ ತಕ್ಕಡಿ ಸಿಕ್ಕಿಸಿದೆ. ಸುತ್ತಿನುದ್ದಕ್ಕೂ 500ರಿಂದ 600 ಗ್ರಾಂ, ಎಲ್ಲೂ ಮುಳ್ಳು ಜಿಗಿಯಲಿಲ್ಲ. ಅಂಟುಪಟ್ಟಿಗಳನ್ನು ಕಿತ್ತೆ. ಮೊದಲು ಖಾಲಿ ಮೈದಾನದಲ್ಲಿ ನಡಿಗೆಯ ವೇಗದಲ್ಲಿ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದೆ, ಬ್ರೇಕ್ ಒತ್ತಿ ನೋಡಿದೆ, ಆಮೇಲೆ ಅದೇ ತಿರುವಿಗೆ ಹೋದೆ. ತಿರುವಿನ ಕೊನೆಯಲ್ಲಿ ಅಂಗೈಗಳನ್ನು ಸಡಿಲಿಸಿ, ಸ್ಟೀರಿಂಗ್ ಕೈಯೊಳಗೆ ಜಾರಲು ಬಿಟ್ಟೆ. ಅದು ತಾನಾಗಿ ಬಂದು ಮಧ್ಯದಲ್ಲಿ ನಿಂತಿತು.

ಇನ್ನೊಂದು ಕೆಲಸ ಉಳಿದಿತ್ತು. ಬಿಗಿದ ದಿನವೇ ಬೋಲ್ಟಿನ ತಲೆಯಿಂದ ಜಾಯಿಂಟಿನ ಮೈವರೆಗೆ ಬಿಳಿಯ ಬಣ್ಣದ ಒಂದು ಗೆರೆ ಎಳೆದಿದ್ದೆ. ಒಂದು ವಾರದ ನಂತರ, ಮತ್ತೆ ಒಂದು ತಿಂಗಳ ನಂತರ ಟಾರ್ಚ್ ಹಿಡಿದು ನೋಡಿದೆ. ಗೆರೆ ಎಲ್ಲೂ ಮುರಿದಿರಲಿಲ್ಲ.